ಚೀಟಿಯ ಹಿಂದಿನ ಎರಡು ಅಕ್ಷರ

ಸಹೋದರಿಯರೇ, ಪರವೂರಿನ ಹೋಟೆಲಿಗೆ ಹೋದಾಗ ನೀವು ಏನು ವಿಚಾರಿಸುತ್ತೀರಿ? "ಹಂದಿ ಮಾಂಸ ಇಲ್ಲ ತಾನೇ?" ಎಂದಲ್ಲವೇ? ನಾನೂ ಅಷ್ಟೇ ಕೇಳುತ್ತಿದ್ದೆ.

ನನ್ನ ತಮ್ಮ ಹಾಂಕಾಂಗ್‌ನಲ್ಲಿ ಉದ್ಯೋಗದಲ್ಲಿದ್ದಾನೆ. ಕಳೆದ ರಜೆಯಲ್ಲಿ ಕಲ್ಯಾಣಪುರದಿಂದ ನಾನು ಮತ್ತು ಮಗಳು ಅಲ್ಲಿಗೆ ಹೋಗಿದ್ದೆವು. ಒಂದು ಬೆಳಿಗ್ಗೆ ಅವನು ಕೆಲಸಕ್ಕೆ ಹೋದ ಮೇಲೆ ನಾವಿಬ್ಬರೇ ಅವನ ಮನೆಯ ಹತ್ತಿರದ ಒಂದು ಸಣ್ಣ ಹೋಟೆಲಿಗೆ ನುಗ್ಗಿದೆವು. ಎಲ್ಲೆಡೆ ಕ್ಯಾಂಟನೀಸ್ ಮಾತು. ನನ್ನ ಬಿ.ಎ. ಇಂಗ್ಲಿಷ್ ಕೆಲಸಕ್ಕೆ ಬರಲಿಲ್ಲ. ಅಪರಿಚಿತರ ಮೇಜಿನಲ್ಲೇ ಜಾಗ ಕೊಟ್ಟರು. ಕುಳಿತ ಕೂಡಲೇ ಹಾಲು, ಸಕ್ಕರೆ ಯಾವುದೂ ಇಲ್ಲದ ಬಿಸಿ ಚಹಾ ಬಂತು. ಪಕ್ಕದ ಅಜ್ಜಿ ಅದನ್ನು ಕುಡಿಯುವ ಮೊದಲು ಬಟ್ಟಲು, ಕಡ್ಡಿಗಳನ್ನೆಲ್ಲ ಅದರಲ್ಲೇ ತೊಳೆದು ಚೆಲ್ಲಿದರು! ಅದು ಅಲ್ಲಿನ ರೂಢಿ. ಬೇರೆಯವರು ಚಹಾ ಸುರಿದು ಕೊಟ್ಟಾಗ ಎರಡು ಬೆರಳಿನಿಂದ ಮೇಜು ತಟ್ಟಿದರೆ ಧನ್ಯವಾದ ಹೇಳಿದಂತೆ.

ಚಿತ್ರ ನೋಡಿ, ಚೀಟಿಯಲ್ಲಿ ಪೆನ್ಸಿಲಿನಿಂದ ಸಿಗಡಿ ಕಡುಬಿಗೆ ಗುರುತು ಹಾಕಿದೆ. ಅದರ ಹೆಸರು ಹಾರ್ ಗೌ. ಬಿದಿರಿನ ಬುಟ್ಟಿಯಲ್ಲಿ ಹಬೆಯಾಡುತ್ತಾ ಬಂತು. ತೆಳ್ಳಗಿನ ಹೊದಿಕೆಯೊಳಗಿನ ಸಿಗಡಿ ಹೊರಗಿನಿಂದಲೇ ಕಾಣುತ್ತಿತ್ತು. ಮೂಡೆ, ಗುಂಡ ತಿಂದು ಬೆಳೆದವಳಿಗೆ ಹಬೆಯ ತಿಂಡಿ ಕಂಡರೆ ಕೇಳಬೇಕೇ? ಬಿಸ್ಮಿಲ್ಲಾ ಹೇಳಿ ಕೈ ಚಾಚಿದೆ.

ಬಡಿಸಿದ ಹೆಂಗಸು ನನ್ನ ಶಿರವಸ್ತ್ರ ನೋಡಿದವಳೇ ಬುಟ್ಟಿಯನ್ನು ಎತ್ತಿಕೊಂಡಳು. ನನಗೆ ಸಿಟ್ಟು ನೆತ್ತಿಗೇರಿತು. ಇಲ್ಲಿಯೂ ಶಿರವಸ್ತ್ರಕ್ಕೆ ತಕರಾರೇ? ಆಕೆ ಕಡುಬು ತೋರಿಸಿ, ತನ್ನ ಮೂಗನ್ನು ಬೆರಳಿನಿಂದ ಮೇಲಕ್ಕೊತ್ತಿ ಹಂದಿಯಂತೆ ಮುಖ ಮಾಡಿದಳು. ಮಗಳಿಗೆ ನಗು ತಡೆಯಲಾಗಲಿಲ್ಲ. ಬಳಿಕ ಒಂದು ಚೀಟಿಯ ಹಿಂದೆ ಎರಡು ಚೀನೀ ಅಕ್ಷರ ಬರೆದುಕೊಟ್ಟು, ಚಹಾದ ಹಣ ಮಾತ್ರ ತೆಗೆದುಕೊಂಡಳು.

ಸಂಜೆ ತಮ್ಮ ಬಿಡಿಸಿ ಹೇಳಿದ. "ಆಪಾ, ಹೂರಣ ಮೆತ್ತಗಾಗಲೆಂದು ಸಿಗಡಿಯ ಜೊತೆ ಹಂದಿಯ ಕೊಬ್ಬು ಸೇರಿಸುವುದು ಇಲ್ಲಿನ ಹಳೆಯ ಪದ್ಧತಿ. ಸೊಪ್ಪನ್ನೂ ಅದೇ ಕೊಬ್ಬಿನಲ್ಲಿ ಹುರಿಯುವುದುಂಟು. ಕೆಲವು ಪದಾರ್ಥಗಳಿಗೆ ಅಕ್ಕಿಯ ಮದ್ಯ ಬೀಳುತ್ತದೆ. ಈ ಎರಡು ಅಕ್ಷರಗಳಿಗೆ ಶುದ್ಧ, ಸತ್ಯ ಎಂದು ಅರ್ಥ. ಹಲಾಲ್ ಎನ್ನಲು ಚೀನೀಯರು ಬರೆಯುವುದು ಇದನ್ನೇ."

ಸಿಗಡಿ ತಿನ್ನುವ ಬಗ್ಗೆ ಹನಫಿಗಳ, ಶಾಫಿಈಗಳ ಅಭಿಪ್ರಾಯವನ್ನು ಮದ್ರಸಾದ ಮಕ್ಕಳಿಗೆ ಎಷ್ಟೋ ಸಲ ಹೇಳಿಕೊಟ್ಟಿದ್ದೇನೆ. ಸಿಗಡಿಯ ಜೊತೆ ಬೇರೇನು ಬೆರೆತಿರಬಹುದು ಎಂಬುದು ಮಾತ್ರ ನನಗೆ ಹೊಳೆದಿರಲಿಲ್ಲ.

ಮರುದಿನ ತಮ್ಮ ನಮ್ಮನ್ನು ವಾನ್ ಚಾಯ್‌ನ ಅಮ್ಮಾರ್ ಮಸೀದಿಗೆ ಕರೆದೊಯ್ದ. 1981ರಲ್ಲಿ ತೆರೆದ ಇಸ್ಲಾಮಿಕ್ ಸೆಂಟರ್ ಇರುವುದೂ ಅದೇ ಕಟ್ಟಡದಲ್ಲಿ. 5ನೇ ಮಹಡಿಯ ಕ್ಯಾಂಟೀನಿನಲ್ಲಿ ನನ್ನ ಚೀಟಿಯ ಎರಡು ಅಕ್ಷರಗಳೇ ಎದುರಾದವು. ಅದೇ ಹಾರ್ ಗೌ, ಅದೇ ಬಿದಿರಿನ ಬುಟ್ಟಿ. ಈ ಬಾರಿ ಯಾರೂ ಎತ್ತಿಕೊಂಡು ಹೋಗಲಿಲ್ಲ! ಮಾಮ ಚಹಾ ಸುರಿದು ಕೊಟ್ಟಾಗ ಮಗಳು ಎರಡು ಬೆರಳಿನಿಂದ ಮೇಜು ತಟ್ಟಿದಳು.

ಊರಿಗೆ ಹೊರಡುವ ಮುನ್ನ ಆ ಹೆಂಗಸನ್ನು ಕಾಣಲು ಹೋದೆ. ಅಂದು ಆಕೆಗೆ ರಜೆ.

ನಮ್ಮ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದೆಂದು ಸರಕಾರ 2024ರಲ್ಲಿ ಆದೇಶ ಹೊರಡಿಸಿದಾಗಲೂ ನಾನು ಅದರೊಳಗೆ ಏನಿದೆ ಎಂದು ಯಾರನ್ನೂ ಕೇಳಿದವಳಲ್ಲ. ಮೊನ್ನೆ ಸಂತೆಕಟ್ಟೆಯಲ್ಲಿ ಗಾಡಿಯವನಿಗೆ, "ಆ ಸಾಸಿನ ಬಾಟಲಿ ಇತ್ತ ಕೊಡಪ್ಪಾ, ಓದುತ್ತೇನೆ" ಎಂದೆ. ಮಗಳು ನಾಚಿಕೊಂಡು ಆಚೆ ತಿರುಗಿ ನಿಂತಳು.