ಗೀಚುವ ಕೈಗೊಂದು ಹೊತ್ತಗೆ

ನಮ್ಮ ಪ್ರಸಾದನಿಲಯದಲ್ಲಿ ಓದಿ, ಈಗ ದೂರದ ಊರಿನಲ್ಲಿ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬರು ಪತ್ರ ಬರೆದು ಒಂದು ಪ್ರಶ್ನೆ ಕೇಳಿದ್ದಾರೆ. "ಭಕ್ತರೊಡನೆ ಮಾತನಾಡುವಾಗ ತಮ್ಮ ತೊಡೆಯ ಮೇಲೆ ಸಣ್ಣದೊಂದು ಪುಸ್ತಕವಿರುತ್ತಿತ್ತು. ಅದರಲ್ಲಿ ತಾವು ಏನನ್ನೋ ಗೀಚುತ್ತಲೇ ಇರುತ್ತಿದ್ದಿರಿ. ಅದು ಮಂತ್ರವೋ, ಯಂತ್ರವೋ, ಮಠದ ಲೆಕ್ಕವೋ ಎಂದು ನಾವು ಹುಡುಗರು ಪಂದ್ಯ ಕಟ್ಟುತ್ತಿದ್ದೆವು. ಈಗಲಾದರೂ ಅಪ್ಪಣೆಯಾಗಬಹುದೆ?" ಪಂದ್ಯ ಕಟ್ಟಿದವರೆಲ್ಲರೂ ಸೋತಿದ್ದಾರೆ. ಅದು ಮಂತ್ರವಲ್ಲ, ಯಂತ್ರವಲ್ಲ. ಲೆಕ್ಕವಂತೂ ಅಲ್ಲವೇ ಅಲ್ಲ. ಬರಿಯ ಗೀಚು. ಒಂದು ಸುರುಳಿ, ಅದಕ್ಕೊಂದು ಬಳ್ಳಿ, ಬಳ್ಳಿಯ ತುದಿಗೊಂದು ಎತ್ತಿನ ಕೊಂಬು, ಎದುರಿಗೆ ಕುಳಿತವರ ರುಮಾಲಿನ ಸುತ್ತು, ಊರುಗೋಲು ಹಿಡಿದ ಬೆರಳು. ಬೆಂಗಳೂರಿನಿಂದ ಹಿಂದೂಪುರದ ಕಡೆಗೆ ಸಾಗುವ ರೈಲಿನಲ್ಲಿ ತೊಂಡೇಬಾವಿಗೆ ಬರುವಾಗ ಮಾಕಳಿದುರ್ಗದ ಬೆಟ್ಟವನ್ನು ಅದೆಷ್ಟು ಸಾರಿ ಗೀಚಿದ್ದೇವೆಯೋ ಲೆಕ್ಕವಿಲ್ಲ. ಗಾಡಿ ತಿರುವು ಹಾಕಿದಂತೆಲ್ಲ ಬೆಟ್ಟವೂ ಮಗ್ಗುಲು ಬದಲಿಸುತ್ತದೆ. ಮುಗಿಯಿತೆನ್ನುವಷ್ಟರಲ್ಲಿ ಅದು ಬೇರೆಯೇ ಬೆಟ್ಟವಾಗಿರುತ್ತದೆ.

ಈ ಅಭ್ಯಾಸ ನಮಗೆ ಪಾಠಶಾಲೆಯಲ್ಲಿಯೇ ಅಂಟಿದುದು. ವ್ಯಾಕರಣದ ಸೂತ್ರಗಳನ್ನು ಉರುಹೊಡೆಯುವ ವಯಸ್ಸಿನಲ್ಲಿ ಬಾಯಿಗೆ ಕೆಲಸವಿತ್ತು, ಕೈಗೆ ಇರಲಿಲ್ಲ. ಕೈ ತನ್ನ ಕೆಲಸವನ್ನು ತಾನೇ ಹುಡುಕಿಕೊಂಡು ಪುಸ್ತಕದ ಅಂಚನ್ನೆಲ್ಲ ತುಂಬಿತು. ಒಂದು ದಿನ ಲಿಂಗೈಕ್ಯ ಗುರುಗಳ ಕಣ್ಣಿಗೆ ಅದು ಬಿದ್ದಿತು. ಅವರು ಗದರಿಸಲಿಲ್ಲ. ಅಂದಿನ ಪಾಠವನ್ನು ಮೊದಲಿನಿಂದ ಒಪ್ಪಿಸೆಂದರು. ಒಪ್ಪಿಸಿದೆವು. "ಸರಿ, ಕೈ ಆಡಿದರೂ ಕಿವಿ ಕೆಟ್ಟಿಲ್ಲ. ಆದರೆ ಪಾಠದ ಪುಸ್ತಕ ಮಠದ್ದು, ನಿನ್ನ ಕೈಗೆ ಬೇರೆ ಪುಸ್ತಕ ಮಾಡಿಕೊ" ಎಂದರು. ಮುಂದೆ ವಿಶ್ವವಿದ್ಯಾನಿಲಯದಲ್ಲಿ ಎಂ.ಎ. ಓದುವಾಗ ಅಧ್ಯಾಪಕರೊಬ್ಬರು ಅಂಥದೇ ಪುಸ್ತಕವನ್ನು ನಮ್ಮ ಕೈಯಿಂದ ಕಿತ್ತು, ಕಾವಿ ತೊಟ್ಟವರಿಗೆ ತಕ್ಕುದಲ್ಲವೆಂದು ತರಗತಿಯೆದುರಿಗೇ ಎರಡು ತುಂಡು ಮಾಡಿದರು. ಅವರು ನಮ್ಮನ್ನು ಪಾಠವೊಪ್ಪಿಸೆಂದು ಕೇಳಲಿಲ್ಲ. ಇಬ್ಬರೂ ವಿದ್ವಾಂಸರೇ. ಇಬ್ಬರಲ್ಲಿ ಯಾರು ವಿಚಾರಣೆ ನಡೆಸಿ ತೀರ್ಪು ಕೊಟ್ಟರೆಂಬುದನ್ನು ವಾಚಕರೇ ಊಹಿಸಬಹುದು.

ಗೀಚುವವನು ಅನ್ಯಮನಸ್ಕನೆಂಬುದು ಲೋಕದ ನಂಬಿಕೆ. ಇದನ್ನು ಪರೀಕ್ಷಿಸಿ ನೋಡಿದವರೂ ಇದ್ದಾರೆ. ಇಂಗ್ಲೆಂಡಿನ ಮನಶ್ಶಾಸ್ತ್ರಜ್ಞೆ ಜಾಕಿ ಆಂಡ್ರೇಡ್ 2009ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ 40 ಮಂದಿಗೆ ನೀರಸವಾದ ದೂರವಾಣಿ ಸಂದೇಶವೊಂದನ್ನು ಕೇಳಿಸಲಾಯಿತು. ಅವರಲ್ಲಿ ಅರ್ಧದಷ್ಟು ಜನ ಕೇಳುತ್ತ ಕೇಳುತ್ತ ಕಾಗದದ ಮೇಲಿನ ಆಕೃತಿಗಳಿಗೆ ಸೀಸದಕಡ್ಡಿಯಿಂದ ನೆರಳು ತುಂಬಿದರು. ಆಮೇಲೆ ಕೇಳಿದಾಗ, ಕೈ ಆಡಿಸಿದವರು ಸುಮ್ಮನೆ ಕುಳಿತವರಿಗಿಂತ ಶೇಕಡಾ 29ರಷ್ಟು ಹೆಚ್ಚು ಸಂಗತಿಗಳನ್ನು ನೆನಪಿನಿಂದ ಹೇಳಿದರಂತೆ. ಸಂತೋಷವೇ. ಆದರೂ ನಾವು ಇದನ್ನು ಬಹಳ ಹಿಗ್ಗಿಸಿ ಹೇಳಲಾರೆವು. ಅಚ್ಚಾದ ಚೌಕಕ್ಕೆ ಕಪ್ಪು ತುಂಬುವುದು ಬೇರೆ, ಕೈ ತಾನಾಗಿ ರೇಖೆಯನ್ನು ಹುಡುಕಿ ಹೊರಡುವುದು ಬೇರೆ. ಎರಡನೆಯದರಲ್ಲಿ ಮನಸ್ಸು ರೇಖೆಯ ಹಿಂದೆಯೇ ಓಡಿಹೋಗುವ ಅಪಾಯವುಂಟು. ರೇಖೆ ಚೆನ್ನಾಗಿ ಬರುತ್ತಿದೆಯೆಂದು ಅನ್ನಿಸಿದ ಕ್ಷಣವೇ ಎದುರಿನವರ ಮಾತು ದೂರವಾಗುತ್ತದೆ. ಆಗ ಸೀಸದಕಡ್ಡಿಯನ್ನು ಕೆಳಗಿಡತಕ್ಕದ್ದು. ಇದು ನಾವು ಪಾಲಿಸುವ ಒಂದೇ ನಿಯಮ.

ಗೀಚಿನಿಂದ ಚಿತ್ರವೇ ಹುಟ್ಟಿದ್ದುಂಟು. ರವೀಂದ್ರನಾಥ ಠಾಕೂರರು ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಸಾಲುಗಳನ್ನು ಹಾಗೆಯೇ ಬಿಡಲಾರದೆ ಒಂದಕ್ಕೊಂದು ಕೂಡಿಸುತ್ತ ಹಕ್ಕಿಯನ್ನೋ ವಿಚಿತ್ರ ಮೃಗವನ್ನೋ ಮಾಡುತ್ತಿದ್ದರು. 1924ರಲ್ಲಿ 'ಪೂರಬಿ'ಯ ಹಸ್ತಪ್ರತಿ ಹೀಗೆ ತುಂಬಿತು. 1930ರಲ್ಲಿ ಪ್ಯಾರಿಸ್ಸಿನಲ್ಲಿ ಅವರ ಚಿತ್ರಗಳ ಪ್ರದರ್ಶನ ನಡೆದಾಗ ಅವರಿಗೆ ವಯಸ್ಸು 69. ನಮ್ಮ ಮೈಸೂರಿನ ಆರ್.ಕೆ. ಲಕ್ಷ್ಮಣರು ಬಾಲ್ಯದಲ್ಲಿ ಮನೆಯ ನೆಲ, ಗೋಡೆ, ಬಾಗಿಲುಗಳನ್ನು ಬಿಡದೆ ಗೀಚಿದವರು. ಎಲ್ಲರೂ ಓಡಿಸುವ ಕಾಗೆಯನ್ನು ಜೀವಮಾನವೆಲ್ಲ ಬರೆದವರು. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರ ರೇಖೆಗಳನ್ನು ನೋಡಿದವರಿಗಂತೂ ಒಂದೆಳೆಯ ಗೆರೆಯಲ್ಲಿ ಕುಣಿತ ಹೇಗೆ ಕುಳಿತುಕೊಳ್ಳುತ್ತದೆಯೆಂದು ಬೇರೆ ಹೇಳಬೇಕಾಗಿಲ್ಲ. ನಮ್ಮದು ಆ ಜಾತಿಯ ಕೈಯಲ್ಲ. ನಮ್ಮ ಎತ್ತನ್ನು ನೋಡಿ ಪ್ರಸಾದನಿಲಯದ ಹುಡುಗನೊಬ್ಬ "ಬುದ್ಧಿ, ಈ ಮೇಕೆ ಚೆನ್ನಾಗಿದೆ" ಎಂದ.

ಚಿತ್ರ ಹೇಗೇ ಇರಲಿ, ಪುಸ್ತಕ ಚೆನ್ನಾಗಿರಬೇಕೆಂಬ ಹಟ ನಮ್ಮದು. ಗುರುಗಳು ಹೇಳಿದುದು "ಕೊಂಡುಕೊ" ಎಂದಲ್ಲ, "ಮಾಡಿಕೊ" ಎಂದು. ಮಠಕ್ಕೆ ಕಾಗದದ ಬರವಿಲ್ಲ. ಲಗ್ನಪತ್ರಿಕೆ, ಗೃಹಪ್ರವೇಶದ ಕರೆಯೋಲೆ, ಸಭೆಗಳ ಕರಪತ್ರ, ಹಳೆಯ ಪ್ರಶ್ನೆಪತ್ರಿಕೆ ಮುಂತಾದವು ರಾಶಿರಾಶಿಯಾಗಿ ಬಂದು ಬೀಳುತ್ತವೆ. ಒಂದು ಮಗ್ಗುಲು ಖಾಲಿಯಿರುವ ಹಾಳೆಗಳನ್ನು ಆರಿಸಿಕೊಳ್ಳುತ್ತೇವೆ. ಮೊದಲು ಕಾಗದದ ಎಳೆಯನ್ನು ಗುರುತಿಸಬೇಕು. ಬಟ್ಟೆಗಿರುವಂತೆ ಕಾಗದಕ್ಕೂ ಎಳೆಯುಂಟು. ಸಣ್ಣ ತುಂಡೊಂದರ ಒಂದು ಮಗ್ಗುಲನ್ನು ನೀರಿನಿಂದ ತೇವ ಮಾಡಿದರೆ ಅದು ಕೊಳವೆಯಂತೆ ಸುರುಳುತ್ತದೆ. ಕೊಳವೆಯ ಉದ್ದ ಯಾವ ದಿಕ್ಕಿಗೋ ಎಳೆ ಆ ದಿಕ್ಕಿಗೆ. ಪುಸ್ತಕದ ಬೆನ್ನು ಎಳೆಗೆ ಸಮವಾಗಿರಬೇಕು. ಅಡ್ಡವಾದರೆ ಪುಸ್ತಕ ಬಾಗಿ, ತೆರೆದಿಟ್ಟರೆ ತಾನೇ ಮುಚ್ಚಿಕೊಳ್ಳುತ್ತದೆ. ಅಂಗಡಿಯ ಅಗ್ಗದ ಪುಸ್ತಕಗಳ ಮುಖ್ಯ ದೋಷವೇ ಇದು.

ನಾಲ್ಕು ಹಾಳೆಗಳನ್ನು ಒಟ್ಟಿಗೆ ಮಡಿಸಿದರೆ ಎಂಟು ಎಲೆಯ ಒಂದು ಕಂತೆ. ಅಂಥ ಆರು ಕಂತೆಗಳಿಗೆ 96 ಪುಟ. ಅದರಲ್ಲಿ ಗೀಚಲು 48. ಉಳಿದವುಗಳಲ್ಲಿ ಯಾರದೋ ಮದುವೆಯ ಮುಹೂರ್ತವೋ, ಏಳನೆಯ ತರಗತಿಯ ಗಣಿತವೋ ಇರುತ್ತದೆ. ಮಡಿಕೆಯಲ್ಲಿ ದಬ್ಬಳದಿಂದ ಐದು ತೂತು ಹಾಕಿ, ಜೇನುಮೇಣ ಸವರಿದ ದಾರದಿಂದ ಹೊಲಿಯುವುದು. ದಾರಕ್ಕೆ ನಮ್ಮ ಸೀಮೆಯಲ್ಲಿ ಚಿಂತೆಯಿಲ್ಲ. ಶಿಡ್ಲಘಟ್ಟದಲ್ಲಿ ನೂಲು ಬಿಚ್ಚುವ ಕಸುಬಿನ ಭಕ್ತರೊಬ್ಬರು ಕಡೆಯಲ್ಲಿ ಉಳಿಯುವ ರೇಷ್ಮೆಯನ್ನು ತಂದುಕೊಡುತ್ತಾರೆ. ನಾಲ್ಕೆಳೆ ಕೂಡಿಸಿ ಹುರಿಮಾಡಿದರೆ ಕತ್ತರಿಯಿಲ್ಲದೆ ತುಂಡಾಗದು. ಬೆನ್ನಿಗೆ ಹರಿದ ಕಾವಿಬಟ್ಟೆಯ ಪಟ್ಟಿ. ಅಂಟು ಮಾತ್ರ ಹುಣಸೆಬೀಜದ್ದೇ ಆಗಬೇಕು. ಬೀಜವನ್ನು ಹುರಿದು, ಸಿಪ್ಪೆ ತೆಗೆದು, ನೆನೆಹಾಕಿ, ಅರೆದು ಗಂಜಿಯಂತೆ ಕಾಯಿಸಿದರೆ ಆಯಿತು. ಹುಳು ಹತ್ತದಿರಲೆಂದು ಹಿಂದಿನ ಬೈಂಡರುಗಳು ಅಂಟಿಗೆ ಚಿಟಿಕೆ ಮೈಲುತುತ್ತ ಹಾಕುತ್ತಿದ್ದರು; ನಾವೂ ಹಾಕುತ್ತೇವೆ. ಅದು ವಿಷ. ಅದಕ್ಕೆ ಬಳಸಿದ ಪಾತ್ರೆ ದಾಸೋಹದ ಮನೆಯ ಹೊಸ್ತಿಲು ತುಳಿಯಕೂಡದು.

ಹುಣಸೆಯ ಋಣ ಇಷ್ಟಕ್ಕೇ ತೀರುವುದಿಲ್ಲ. ಮೈಸೂರು ಸಂಪ್ರದಾಯದ ಚಿತ್ರಗಾರರು ಕರಡು ರೇಖೆಗೆ ಬಳಸುತ್ತಿದ್ದ ಇದ್ದಿಲುಕಡ್ಡಿ ಹುಣಸೆಯ ಕಿರುಕೊಂಬೆಗಳನ್ನು ಕಬ್ಬಿಣದ ಕೊಳವೆಯಲ್ಲಿಟ್ಟು ಸುಟ್ಟು ಮಾಡಿದುದು. ಅದಕ್ಕೂ ಹಿಂದೆ, 12ನೆಯ ಶತಮಾನದಲ್ಲಿ, ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ 'ಮಾನಸೋಲ್ಲಾಸ'ದಲ್ಲಿ ಕಾಡಿಗೆಯನ್ನು ಅನ್ನದೊಡನೆ ಮಿದ್ದು ಬತ್ತಿಯಂತೆ ಹೊಸೆದ ವರ್ತಿಕೆಯನ್ನು ಹೇಳುತ್ತಾನೆ. ರಾಜ್ಯಭಾರ ಮಾಡುವ ಅರಸನಿಗೆ ಗೀಚುಗಡ್ಡಿಯನ್ನು ಮಾಡುವ ಬಗೆ ಗೊತ್ತಿತ್ತೆಂಬುದು ನಮಗೆ ಬಹಳ ಹಿತವಾದ ಸಂಗತಿ. ವೀರಶೈವ ಅರಸು ಕೆಳದಿಯ ಬಸವಪ್ಪನಾಯಕನ 'ಶಿವತತ್ತ್ವರತ್ನಾಕರ'ದಲ್ಲಿಯೂ ಚಿತ್ರಕ್ಕೆ ಸ್ಥಾನವುಂಟು. ಕಾವಿ ತೊಟ್ಟವರ ಘನತೆಯ ಮಾತೆತ್ತುವವರು ಅದನ್ನೊಮ್ಮೆ ತೆರೆದು ನೋಡಬಹುದು.

ಆದರೆ ಕನ್ನಡನಾಡಿನ ನಿಜವಾದ ಗೀಚುಪುಸ್ತಕವೆಂದರೆ ಕಡತ. ಈಗ ಕಡತವೆಂದರೆ ಸರಕಾರಿ ಕಚೇರಿಯ ಫೈಲು. ಅದು ಮೇಜಿನಿಂದ ಮೇಜಿಗೆ ಸರಿಯುವುದಿಲ್ಲವೆಂದು ಗೋಳಾಡಿಕೊಂಡು ಭಕ್ತರು ನಮ್ಮ ಬಳಿಗೆ ಬರುತ್ತಾರೆ. ಮೊದಲಿನ ಕಡತ ಬೇರೆ. ಹತ್ತಿಯ ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲುಪುಡಿ ಬೆರೆಸಿ ಎರಡೂ ಕಡೆ ಬಳಿದು, ಒಣಗಿಸಿ, ಹಿಂದುಮುಂದಾಗಿ ಮಡಿಸಿದ ಕರಿಯ ಹೊತ್ತಗೆ ಅದು. ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟಿಸಿದ ಚರಿತ್ರೆಯಲ್ಲಿ ಅದನ್ನು ವಿವರವಾಗಿ ವರ್ಣಿಸಿದ್ದಾನೆ: ಅಗಲ ಎಂಟು ಅಂಗುಲದಿಂದ ಒಂದು ಅಡಿ, ಉದ್ದ 12ರಿಂದ 18 ಅಡಿ, ಎರಡು ತುದಿಗೂ ಬಣ್ಣ ಹಚ್ಚಿದ ಮರದ ಹಲಗೆ, ಬರೆಯಲು ಬಳಪ. ಶಾನುಭೋಗರ ಲೆಕ್ಕ, ಅಂಗಡಿಯ ಬಾಕಿ, ಮಠಗಳ ದಾಖಲೆ ಎಲ್ಲವೂ ಅದರಲ್ಲಿ. ಶೃಂಗೇರಿಯ ಕಡತಗಳು ಪ್ರಸಿದ್ಧವಾಗಿಯೇ ಇವೆ. ಅದರ ಗುಣ ಎರಡು ಬಗೆ. ಅಳಿಸದೆ ಬಿಟ್ಟರೆ ತಲೆಮಾರುಗಳವರೆಗೆ ನಿಲ್ಲುತ್ತದೆ. ಬೇಡವೆಂದರೆ ಒರಸಿ, ಮತ್ತೊಮ್ಮೆ ಕಪ್ಪು ಬಳಿದು ಹೊಸದಾಗಿ ಬರೆಯಬಹುದು. ನಾವೂ ಒಂದು ಮಾಡಿಕೊಂಡಿದ್ದೇವೆ. ಮೂರು ಸಲ ಬಳಿದು, ಪ್ರತಿಸಲವೂ ನೆರಳಿನಲ್ಲಿ ಒಣಗಿಸಿ, ನುಣುಪಾದ ಹೊಳೆಗಲ್ಲಿನಿಂದ ತೀಡಿದ ಮೇಲೆ ಬಳಪ ಅದರ ಮೇಲೆ ಬೆಣ್ಣೆಯಲ್ಲಿ ಬೆರಳಾಡಿದಂತೆ ಓಡುತ್ತದೆ. ಕಪ್ಪಿನ ಮೇಲೆ ಬಿಳಿಯ ಗೆರೆ. ಅದರ ಸೊಗಸೇ ಬೇರೆ.

ಇಡಬೇಕೋ, ಅಳಿಸಬೇಕೋ? ಕಡತದ ಮುಂದೆ ಕುಳಿತಾಗಲೆಲ್ಲ ನಮ್ಮನ್ನು ಕಾಡುವ ಪ್ರಶ್ನೆಯಿದು. ನಮ್ಮ ಪುಸ್ತಕಗಳಲ್ಲಿರುವ ಮುಖಗಳೂ ಕೈಗಳೂ ಯಾರವು? ಜಗಳ ಬಗೆಹರಿಸಿಕೊಳ್ಳಲು ಬಂದವರವು, ಸಾಲಕ್ಕೆ ಹೆದರಿದವರವು, ಮಗನನ್ನು ಕಳೆದುಕೊಂಡವರವು. ಅವರು ತಮ್ಮ ದುಃಖವನ್ನು ನಮ್ಮ ಕಿವಿಗೆ ಒಪ್ಪಿಸಿದರೇ ಹೊರತು ಕಾಗದಕ್ಕಲ್ಲ. ಕೆಲವು ವರ್ಷಗಳ ಹಿಂದೆ ಮಠದ ಹಿತೈಷಿಗಳೊಬ್ಬರು ಈ ಚಿತ್ರಗಳನ್ನು ಅಚ್ಚು ಹಾಕಿಸಿ ಸ್ಮರಣಸಂಚಿಕೆಯಲ್ಲಿ ಸೇರಿಸೋಣವೆಂದು ಒತ್ತಾಯಿಸಿದರು. ನಾವು ಒಪ್ಪಲಿಲ್ಲ. ವಿರಕ್ತನಾದವನು ಗೀಚಿದುದನ್ನೂ ಗಂಟುಕಟ್ಟಿ ಇಟ್ಟುಕೊಳ್ಳುವುದು ಸಂಗ್ರಹಬುದ್ಧಿಯೇ ಅಲ್ಲವೇ? ಆದುದರಿಂದ ತುಂಬಿದ ಪುಸ್ತಕವನ್ನು ಬಿಚ್ಚಿ, ಹಾಳೆಗಳನ್ನು ಹತ್ತು ಹನ್ನೆರಡರಂತೆ ಅಂಟು ಹಚ್ಚಿ ಒಂದರ ಮೇಲೊಂದಿಟ್ಟು, ಅರೆಯುವ ಕಲ್ಲಿನಡಿಯಲ್ಲಿ ಒತ್ತಿಡುವ ಪದ್ಧತಿ ಮಾಡಿದೆವು. ಒಣಗಿದ ಮೇಲೆ ಅದು ಹಲಗೆಯಷ್ಟು ಗಟ್ಟಿ. ಮುಂದಿನ ಪುಸ್ತಕಕ್ಕೆ ರಟ್ಟು. ಹಿಂದಿನ ಕಾಲದ ಪುಸ್ತಕಗಾರರು ಬೇಡವಾದ ಹಾಳೆಗಳಿಂದ ರಟ್ಟು ಮಾಡುತ್ತಿದ್ದುದು ಹೀಗೆಯೇ. ಒಂದು ಪುಸ್ತಕದ ಮಾತು ಇನ್ನೊಂದು ಪುಸ್ತಕದ ಮೈಯೊಳಗೆ ಮೌನವಾಗಿ ಸೇರಿಹೋಗಲೆಂದು ನಮ್ಮ ಭಾವನೆ.

ಇದು ಸುಸೂತ್ರವಾಗಿ ನಡೆಯುತ್ತಿರುವಾಗಲೇ ಒಂದು ಸಂದರ್ಭ ಒದಗಿತು. ಪಕ್ಕದ ಹಳ್ಳಿಯ ವೃದ್ಧ ತಾಯಿಯೊಬ್ಬರು ಪ್ರತಿ ಸೋಮವಾರ ಬರುತ್ತಿದ್ದರು. ಮಾತು ಕಡಿಮೆ. ರಾಗಿ ಕುಯ್ದು, ಕಳೆ ಕಿತ್ತು, ಬೀಸಿ, ಗಂಟುಗಟ್ಟಿದ ಬೆರಳುಗಳನ್ನು ಮಡಿಲಲ್ಲಿ ಜೋಡಿಸಿಕೊಂಡು ಅರ್ಧ ಗಂಟೆ ಕುಳಿತು ಹೋಗುತ್ತಿದ್ದರು. ಅವರು ಲಿಂಗೈಕ್ಯರಾದ ಮೇಲೆ ಅವರ ಮಗ ಬಂದು ಕುಳಿತಿದ್ದಾಗ, ಬಿಚ್ಚಲೆಂದು ತೆಗೆದಿಟ್ಟಿದ್ದ ಪುಸ್ತಕ ಗಾಳಿಗೆ ತೆರೆದುಕೊಂಡಿತು. ಆತ ಬಗ್ಗಿ ನೋಡಿದರು. ಹೆಸರಿಲ್ಲ, ಮುಖವಿಲ್ಲ, ಎರಡು ಕೈ ಮಾತ್ರ. "ಇದು ನಮ್ಮವ್ವನ ಕೈ" ಎಂದರು. ಮನೆಯಲ್ಲಿ ಆಕೆಯದೊಂದು ಭಾವಚಿತ್ರವುಂಟು, ಪಡಿತರ ಚೀಟಿಗೆ ತೆಗೆಸಿದ್ದು. ಅದರಲ್ಲಿ ಕೈ ಬಂದಿಲ್ಲವಂತೆ. ಹಾಳೆಯನ್ನು ಬಿಡಿಸಿ ಕೊಟ್ಟೆವು. ಅದರ ಹಿಂಬದಿಯಲ್ಲಿ ಯಾವುದೋ ಸಹಕಾರ ಸಂಘದ ಸಭೆಯ ಆಹ್ವಾನವಿತ್ತು. ಅವರು ಅದನ್ನು ಲೆಕ್ಕಿಸದೆ ಹೆಗಲ ವಸ್ತ್ರದಲ್ಲಿ ಸುತ್ತಿಕೊಂಡು ಹೋದರು.

ಅಂದಿನಿಂದ ಪದ್ಧತಿಯಲ್ಲಿ ಒಂದು ತಿದ್ದುಪಡಿ. ಅಂಟು ಕಾಯಿಸುವ ಮುನ್ನ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ತಿರುವಿಹಾಕುತ್ತೇವೆ. ಯಾವ ಹಾಳೆ ಯಾರಿಗೆ ಸೇರಬೇಕೆಂದು ನೆನಪಾಗುತ್ತದೆಯೋ ಅದನ್ನು ತೆಗೆದಿಡುತ್ತೇವೆ. ಬೇಡುವವರು ವಿರಳ, ಬಂದರೆ ಹಾಳೆಯುಂಟು. ಅತ್ಯಂತ ನೋವಿನ ಮಾತುಗಳ ಹೊತ್ತಿನಲ್ಲಿ ಈಗ ಕಾಗದವನ್ನು ಮುಟ್ಟುವುದಿಲ್ಲ, ಕಡತವನ್ನೇ ಬಿಚ್ಚಿಕೊಳ್ಳುತ್ತೇವೆ. ಅವರು ಎದ್ದುಹೋದ ಮೇಲೆ ಒದ್ದೆಬಟ್ಟೆಯಿಂದ ಒರಸಿಬಿಡುತ್ತೇವೆ.

ಪ್ರಸಾದನಿಲಯದಲ್ಲಿ ಈ ವರ್ಷ ಸೇರಿದ ಹುಡುಗನೊಬ್ಬ ಯಾರೊಡನೆಯೂ ಹೆಚ್ಚು ಮಾತನಾಡುವುದಿಲ್ಲ. ನೋಟುಪುಸ್ತಕದ ಹಿಂದಿನ ಹಾಳೆಗಳಲ್ಲೆಲ್ಲ ಸಿಮೆಂಟು ಕಾರ್ಖಾನೆಯ ಕಡೆಗೆ ಸಾಗುವ ಲಾರಿಗಳನ್ನು ಬರೆದು ಪೆಟ್ಟು ತಿಂದಿದ್ದಾನೆಂದು ತಿಳಿದು ಕರೆಸಿದೆವು. ಅಂದಿನ ಪಾಠ ಕೇಳಿದರೆ ಅರ್ಧವನ್ನಷ್ಟೇ ಒಪ್ಪಿಸಿದ. ಲಾರಿಗಳು ಮಾತ್ರ ಪೂರ್ತಿಯಾಗಿದ್ದವು, ಚಕ್ರದ ತಿರುಪುಗಳ ಸಮೇತ. ದಬ್ಬಳ, ರೇಷ್ಮೆದಾರ, ಹಾಳೆಗಳನ್ನು ಮುಂದಿಟ್ಟು, ಹೊಲಿಗೆಯನ್ನು ಒಮ್ಮೆ ತೋರಿಸಿದೆವು. ಉಳಿದರ್ಧ ಪಾಠ ಬಂದ ದಿನ ರಟ್ಟು ಕೊಡುವುದೆಂದು ಒಪ್ಪಂದವಾಗಿದೆ. ಆರು ಕಂತೆಗಳನ್ನು ಹೊಲಿದು ಮುಗಿಸಿದ್ದಾನೆ. ರಟ್ಟು ಕಲ್ಲಿನಡಿಯಲ್ಲಿ ಒಣಗುತ್ತಿದೆ.