ನಿಂಬೆ ದೀಪ ಮತ್ತು ಕೊನೆಯ ದಿನಾಂಕ

ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ ರಾಹುಕಾಲ. ಬೇರೆಡೆ ಶುಭಕಾರ್ಯಕ್ಕೆ ಆಗದ ಆ ಒಂದೂವರೆ ತಾಸು ಬನಶಂಕರಿ ಅಮ್ಮನ ಪೂಜೆಗೆ ಮಾತ್ರ ಪ್ರಶಸ್ತ. ನಿಂಬೆಹಣ್ಣನ್ನು ಎರಡು ಹೋಳು ಮಾಡಿ, ರಸ ಹಿಂಡಿ, ಸಿಪ್ಪೆಯನ್ನು ತಿರುವಿ ಹಣತೆ ಮಾಡುತ್ತಾರೆ. ಸಾಲಾಗಿ ಉರಿಯುವ ಆ ದೀಪಗಳಲ್ಲಿ ಕೆಲವು ಮದುವೆಗೆ, ಕೆಲವು ಸಂತಾನಕ್ಕೆ. ಇನ್ನು ಕೆಲವು ಎಸ್‌ಡಿಎ, ಎಫ್‌ಡಿಎ, ಪಿಡಿಒ, ಕೆಎಎಸ್‌ಗೆ. ಹಚ್ಚುವವರು ಹೆಚ್ಚಾಗಿ ತಾಯಂದಿರು. ಮಕ್ಕಳು ಆ ಹೊತ್ತಿಗೆ ಹಳೆಯ ಪ್ರಶ್ನೆಪತ್ರಿಕೆ ಬಿಡಿಸುತ್ತ ಇನ್ನೆಲ್ಲೋ ಕೂತಿರುತ್ತಾರೆ.

ಇಲ್ಲಿಂದ ಮೆಟ್ರೊದಲ್ಲಿ ಒಂದೇ ನಿಲ್ದಾಣ ಆಚೆಗೆ ಆರ್.ವಿ. ರಸ್ತೆ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಆರಂಭವಾದ ಮೇಲೆ ಇಲ್ಲಿ ರೈಲು ಬದಲಿಸಿದರೆ ರಾಗಿಗುಡ್ಡ, ಜಯದೇವ ಆಸ್ಪತ್ರೆ ದಾಟಿ ಬಿ.ಟಿ.ಎಂ. ಬಡಾವಣೆ ಸಿಗುತ್ತದೆ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಹೆಸರು ಕೂಡಿಸಿ ಹೊಲಿದ ಬಡಾವಣೆಯಿದು. ಈಗ ಇದು ಪಿ.ಜಿ.ಗಳ ಊರು. ಒಂದೇ ಕೋಣೆಯಲ್ಲಿ ಒಬ್ಬ ರಾತ್ರಿ ಪಾಳಿ ಮುಗಿಸಿ ಮಲಗುವ ಹೊತ್ತಿಗೆ ಇನ್ನೊಬ್ಬ ಸಂವಿಧಾನದ ವಿಧಿಗಳನ್ನು ಬಾಯಿಪಾಠ ಮಾಡಲು ಏಳುತ್ತಾನೆ. ಕೋಚಿಂಗ್‌ಗೆ ಹೆಸರಾದ ಜಾಗಗಳು ಬೇರೆ: ನಗರದಲ್ಲಿ ವಿಜಯನಗರ, ನಾಡಿನಲ್ಲಿ ಧಾರವಾಡ. ಆದರೂ ಹುಡುಗರು ಇಲ್ಲಿ ಉಳಿಯುವುದಕ್ಕೆ ಕಾರಣವುಂಟು. ಹಗಲು ಎಲ್ಲಾದರೂ ಒಂದು ಚಿಕ್ಕ ಕೆಲಸ ಹಿಡಿದರೆ ಬಾಡಿಗೆ ಹುಟ್ಟುತ್ತದೆ, ಊರಿಗೆ ಫೋನು ಮಾಡಿ ದುಡ್ಡು ಕೇಳುವ ಮುಜುಗರ ತಪ್ಪುತ್ತದೆ.

ಮುಂದಿನ ನಿಲ್ದಾಣ ಸೆಂಟ್ರಲ್ ಸಿಲ್ಕ್ ಬೋರ್ಡ್. ಆ ಹೆಸರು ಕೇಳಿದೊಡನೆ ಬೆಂಗಳೂರಿಗರ ಕಣ್ಣಿಗೆ ಬರುವುದು ವಾಹನದಟ್ಟಣೆ ಮಾತ್ರ. ಅದು 1948ರ ಕಾಯ್ದೆಯಿಂದ ಹುಟ್ಟಿದ, ಜವಳಿ ಸಚಿವಾಲಯದ ಕೆಳಗಿನ ಕೇಂದ್ರ ರೇಷ್ಮೆ ಮಂಡಳಿ. ವಿಜ್ಞಾನಿಗಳಿಂದ ಗುಮಾಸ್ತರವರೆಗೆ ನೌಕರರಿರುವ ಕಚೇರಿ ಎಂಬುದು ಎಷ್ಟೋ ಮಂದಿಗೆ ಹೊಳೆಯುವುದಿಲ್ಲ. ಅಲ್ಲಿಂದ ಕೂಗಳತೆಯ ಕೋರಮಂಗಲದ ಕೇಂದ್ರೀಯ ಸದನದಲ್ಲಿ ಸ್ಟಾಫ್ ಸೆಲೆಕ್ಷನ್ ಕಮಿಷನ್ನಿನ ಕರ್ನಾಟಕ–ಕೇರಳ ಪ್ರಾದೇಶಿಕ ಕಚೇರಿಯಿದೆ. ಅದರ ಮಲ್ಟಿ ಟಾಸ್ಕಿಂಗ್ ಸ್ಟಾಫ್ ಪರೀಕ್ಷೆಯನ್ನು 2023ರಿಂದ ಕನ್ನಡದಲ್ಲೂ ಬರೆಯಬಹುದು. ಕೆಎಎಸ್ ಒಂದೇ ಸರ್ಕಾರಿ ಕೆಲಸ ಎಂದುಕೊಂಡ ಮನೆಗಳಲ್ಲಿ ಈ ಸುದ್ದಿಗೆ ಬೆಲೆಯೇ ಇಲ್ಲ.

ಜಯನಗರ ನಾಲ್ಕನೇ ಬ್ಲಾಕಿನ ಝೆರಾಕ್ಸ್ ಅಂಗಡಿ, ಸೈಬರ್ ಸೆಂಟರುಗಳಲ್ಲಿ ಸ್ವಲ್ಪ ಹೊತ್ತು ನಿಂತರೆ ಸಾಕು, ನೌಕರಿಯ ನಿಜವಾದ ಜಗಳ ತಿಳಿಯುತ್ತದೆ. ಪುಸ್ತಕ ಓದದೆ ಸೋತವರಷ್ಟೇ, ಪ್ರಮಾಣಪತ್ರ ತಡವಾಗಿ ಸೋತವರೂ ಇದ್ದಾರೆ. ಲೋಕಸೇವಾ ಆಯೋಗದ ನಿಯಮ ಸರಳ: ಮೀಸಲಾತಿ ಕೇಳಿದವರು ಅರ್ಜಿಯ ಕೊನೆಯ ದಿನಾಂಕದೊಳಗೆ ಪ್ರಮಾಣಪತ್ರ ಪಡೆದಿರಬೇಕು. ಒಂದು ದಿನ ತಡವಾದರೂ ಅಭ್ಯರ್ಥಿ ಸಾಮಾನ್ಯ ವರ್ಗಕ್ಕೆ ಜಾರುತ್ತಾನೆ. ಗ್ರಾಮೀಣ ಮೀಸಲಾತಿಗೆ ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿರಬೇಕು, ಅದು ಜಯನಗರದ ಮಕ್ಕಳಿಗೆ ಸಿಗದು. ಆದರೆ ಆ ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಬೇರೆಯೇ ಮೀಸಲಾತಿಯುಂಟು, ಅದಕ್ಕೆ ಹಳ್ಳಿ–ಪೇಟೆ ಎಂಬ ಭೇದವಿಲ್ಲ. ಪಕ್ಕದ ಬೀದಿಯ ಕನ್ನಡ ಶಾಲೆಯಲ್ಲಿ ಓದಿದ ಹುಡುಗಿ ಮುಖ್ಯೋಪಾಧ್ಯಾಯರ ಸಹಿಯಿರುವ ಒಂದು ಹಾಳೆ ತರದೆ ಈ ಅವಕಾಶ ಕಳೆದುಕೊಳ್ಳುವುದು ಅನ್ಯಾಯವೇ ಸರಿ. ಅರ್ಜಿ ಎಲ್ಲಿಗೆ ಎಂಬ ಗೊಂದಲ ಬೇರೆ. ಉದ್ಯೋಗ ಸೌಧದ ಆಯೋಗ ಒಂದು ಕಡೆ, ಮಲ್ಲೇಶ್ವರದ ಪರೀಕ್ಷಾ ಪ್ರಾಧಿಕಾರ ಇನ್ನೊಂದು ಕಡೆ. 2024ರಲ್ಲಿ 1,000 ಗ್ರಾಮ ಆಡಳಿತಾಧಿಕಾರಿ ಹುದ್ದೆಗಳಿಗೆ ಪರೀಕ್ಷೆ ನಡೆಸಿದ್ದು ಪ್ರಾಧಿಕಾರ.

ದಾಖಲೆ ಸರಿಯಿದ್ದರೂ ಕಾಲ ಕೈಕೊಡುವುದುಂಟು. 384 ಕೆಎಎಸ್ ಹುದ್ದೆಗಳ ಪೂರ್ವಭಾವಿ ಪರೀಕ್ಷೆ ನಡೆದದ್ದು 2024ರ ಆಗಸ್ಟ್ 27ರಂದು, ಅದೂ ಮಂಗಳವಾರವೇ. ಕನ್ನಡ ಪ್ರಶ್ನೆಪತ್ರಿಕೆಯ ಅನುವಾದ ಎಷ್ಟು ಕೆಟ್ಟಿತ್ತೆಂದರೆ ಸರ್ಕಾರ ಮರುಪರೀಕ್ಷೆಗೆ ಆದೇಶಿಸಬೇಕಾಯಿತು. ಡಿಸೆಂಬರ್ 29ರ ಮರುಪರೀಕ್ಷೆಯಲ್ಲೂ ತಪ್ಪುಗಳ ದೂರು ಎದ್ದಿತು. ಕನ್ನಡದ ಹುದ್ದೆಗೆ ಕನ್ನಡದಲ್ಲಿ ಬರೆಯಲು ಬಂದವನೇ ಪ್ರಶ್ನೆ ಅರ್ಥವಾಗಲು ಇಂಗ್ಲಿಷ್ ಸಾಲು ನೋಡಬೇಕಾಯಿತಲ್ಲ! 545 ಪಿಎಸ್‌ಐ ಹುದ್ದೆಗಳ ಕಥೆ ಇನ್ನೂ ದೀರ್ಘ: 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ, 2022ರಲ್ಲಿ ಅಕ್ರಮ ಬಯಲಾಗಿ ರದ್ದು, 2024ರ ಜನವರಿಯಲ್ಲಿ ಮತ್ತೆ ಪರೀಕ್ಷೆ. ಇಪ್ಪತ್ತೆಂಟರ ಯುವಕ ಅಷ್ಟರಲ್ಲಿ ಮೂವತ್ತು ದಾಟಿರುತ್ತಾನೆ. 2024ರ ಅಕ್ಟೋಬರ್ ಕೊನೆಯಲ್ಲಿ, ಒಳಮೀಸಲಾತಿ ತೀರ್ಮಾನವಾಗುವವರೆಗೆ ಹೊಸ ಅಧಿಸೂಚನೆ ಬೇಡವೆಂದು ಸಂಪುಟ ನಿರ್ಧರಿಸಿತು. ಬಿ.ಟಿ.ಎಂ.ನ ಪಿ.ಜಿ. ಬಾಡಿಗೆ ಮಾತ್ರ ತಿಂಗಳು ತಿಂಗಳಿಗೆ ತಪ್ಪದೆ ಬಂತು.

ಈ ಕಾಯುವ ಕಾಲವನ್ನು ತುಂಬಲು ದಾರಿಗಳಿಲ್ಲದಿಲ್ಲ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಎಚ್‌ಎಎಲ್, ಬಿಇಎಲ್‌ನಂಥ ಸಾರ್ವಜನಿಕ ಉದ್ದಿಮೆಗಳು ಡಿಪ್ಲೊಮಾ, ಎಂಜಿನಿಯರಿಂಗ್ ಮುಗಿಸಿದವರನ್ನು ತರಬೇತಿಗೆ ತೆಗೆದುಕೊಳ್ಳುತ್ತವೆ. ಸ್ಟೈಪೆಂಡ್ ಸಿಗುತ್ತದೆ, ಅನುಭವ ಪತ್ರ ಸಿಗುತ್ತದೆ. ಕಾಯಂ ಕೆಲಸ ಸಿಗುತ್ತದೆಂದು ಯಾರೂ ಮಾತು ಕೊಟ್ಟಿರುವುದಿಲ್ಲ. ರಾಜ್ಯದ ಯುವನಿಧಿ 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಆರಂಭವಾಯಿತು. ಪಾಸಾಗಿ 180 ದಿನ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ, ಗರಿಷ್ಠ ಎರಡು ವರ್ಷ. ಅಪ್ರೆಂಟಿಸ್ ಆದವರಿಗೂ ಮುಂದೆ ಓದುವವರಿಗೂ ಅದು ಇಲ್ಲ. ಎರಡರಲ್ಲಿ ಒಂದನ್ನು ಆರಿಸಬೇಕಾದಾಗ ಕೈಗೆ ಬರುವ ದುಡ್ಡಿಗಿಂತ ಕೈಗೆ ಹತ್ತುವ ಕೆಲಸವೇ ಮೇಲು.

ಜಯನಗರದ ಸಾರ್ವಜನಿಕ ಗ್ರಂಥಾಲಯದಲ್ಲಿ ಇದೆಲ್ಲ ಒಂದೇ ಮೇಜಿನ ಮೇಲೆ ಬಂದು ಕೂರುತ್ತದೆ. ಆಸ್ತಿ ತೆರಿಗೆಯೊಂದಿಗೆ ಮನೆಯೊಡೆಯರು ಕಟ್ಟುವ ಗ್ರಂಥಾಲಯ ಕರದಿಂದ ನಡೆಯುವ ಜಾಗವಿದು. ಪತ್ರಿಕೆ ಓದಲು ಬಂದ ನಿವೃತ್ತ ನೌಕರರ ಎದುರಿಗೇ ನೌಕರಿ ಅರಸುವ ಹುಡುಗ ಹುಡುಗಿಯರು. ಬ್ಯಾಗಿನಲ್ಲಿ ನೀರಿನ ಬಾಟಲಿ, ಡಬ್ಬಿ, ಪ್ಲಾಸ್ಟಿಕ್ ಕವರಿನಲ್ಲಿ ಅಂಕಪಟ್ಟಿ. ಮನೆಯಲ್ಲಿ ‘ಎರಡು ವರ್ಷ ನೋಡು, ಆಮೇಲೆ ಏನಾದರೂ ಸೇರಿಕೊ’ ಎಂದು ಒಪ್ಪಂದ ಮಾಡಿಕೊಂಡು ಬಂದವರ ಮುಖದಲ್ಲಿ ಒಂದು ಬಗೆಯ ನಿರಾಳವಿರುತ್ತದೆ. ಗಡಿ ಹಾಕಿಕೊಳ್ಳದವರು ಮೊಬೈಲು ಬಂದರೆ ಹೊರಗೆ ಹೋಗಿ, ಗೋಡೆಯತ್ತ ತಿರುಗಿ, ‘ಈ ಸಲ ಆಗತ್ತಮ್ಮಾ’ ಎಂದು ಮೆಲ್ಲಗೆ ಹೇಳಿ ಒಳಗೆ ಬರುತ್ತಾರೆ. ಬನಶಂಕರಿಯಲ್ಲಿ ಅಷ್ಟು ಹೊತ್ತಿಗೆ ರಾಹುಕಾಲ ಮುಗಿದಿರುತ್ತದೆ. ಎಣ್ಣೆ ತೀರಿದ ನಿಂಬೆ ಸಿಪ್ಪೆಗಳನ್ನು ಗುಡಿಸಿ ಬುಟ್ಟಿಗೆ ತುಂಬುತ್ತಿರುತ್ತಾರೆ.