ಪೂರ್ವಜ್ಞಾನದ ಕಾಲಂ ಮತ್ತು ಒಂದು ಕಂಪೈಲರ್

ಪಾಠಯೋಜನೆಯಲ್ಲಿ ‘ಪೂರ್ವಜ್ಞಾನ’ ಎಂಬ ಒಂದು ಕಾಲಂ ಇರುತ್ತದೆ. ಮೂರನೇ ಸೆಮಿಸ್ಟರ್‌ನ ಇಂಟರ್ನ್‌ಶಿಪ್ ಶುರುವಾಗುವವರೆಗೆ ಆ ಕಾಲಂ ತುಂಬಲು ನನಗೆ ಅರ್ಧ ನಿಮಿಷವೂ ಬೇಕಾಗುತ್ತಿರಲಿಲ್ಲ. ‘ವಿದ್ಯಾರ್ಥಿಗಳು ಇದರ ಬಗ್ಗೆ ಈಗಾಗಲೇ ತಿಳಿದಿದ್ದಾರೆ’ ಎಂದು ಬರೆದು ಮುಂದಿನ ಕಾಲಂಗೆ ಹೋಗುತ್ತಿದ್ದೆ. ನಮ್ಮಲ್ಲಿ ಹೆಚ್ಚಿನವರು ಹಾಗೆಯೇ ಮಾಡುತ್ತೇವೆ ಎಂದುಕೊಂಡಿದ್ದೇನೆ. ಆ ಅಭ್ಯಾಸ ನನಗೆ ಹೇಗೆ ಬಿಟ್ಟುಹೋಯಿತು ಎಂಬುದನ್ನು ಹೇಳಲು ಈ ಬರಹ.

ನನಗೆ ಹಂಚಿಕೆಯಾಗಿದ್ದು ಧಾರವಾಡ ಸೀಮೆಯ ಒಂದು ಹಳ್ಳಿಯ ಪ್ರೌಢಶಾಲೆ. 2023ರ ಆರಂಭದ ಒಂದು ಶನಿವಾರ, ಒಂಬತ್ತನೇ ತರಗತಿಗೆ ಸಾಂದ್ರತೆಯ ಪಾಠ. ಪ್ರೇರಣೆಯ ಹಂತ ಚೆನ್ನಾಗಿ ನಡೆಯಿತು. ಬಕೆಟ್ ನೀರಿನಲ್ಲಿ ಮರದ ತುಂಡೊಂದನ್ನು ಬಿಟ್ಟೆ, ತೇಲಿತು. ಮಕ್ಕಳೇ ಅದನ್ನು ತೂಗಿದರು, 45 ಗ್ರಾಂ ಬಂತು. ಸ್ಕೇಲಿನಿಂದ ಅಳೆದರು. ಉದ್ದ 5, ಅಗಲ 4, ಎತ್ತರ 3 ಸೆಂಟಿಮೀಟರ್, ಅಂದರೆ ಗಾತ್ರ 60 ಘನ ಸೆಂಟಿಮೀಟರ್. ರಾಶಿಯನ್ನು ಗಾತ್ರದಿಂದ ಭಾಗಿಸಿ ಎಂದೆ. ಅರ್ಧಕ್ಕಿಂತ ಹೆಚ್ಚು ಮಕ್ಕಳು 60ನ್ನು 45ರಿಂದ ಭಾಗಿಸಿ 1.33 ಎಂದು ಬರೆದಿದ್ದರು. ಹಾಗಾದರೆ ನೀರಿಗಿಂತ ಸಾಂದ್ರತೆ ಹೆಚ್ಚು, ತುಂಡು ಮುಳುಗಬೇಕು. ತುಂಡು ಮಾತ್ರ ಅವರ ಕಣ್ಣೆದುರಿಗೇ ತೇಲುತ್ತಿತ್ತು.

ಎರಡನೇ ಬೆಂಚಿನ ಹುಡುಗಿಯನ್ನು ಎಬ್ಬಿಸಿ ಯಾಕೆ ಹೀಗೆ ಮಾಡಿದೆ ಎಂದು ಕೇಳಿದೆ. “ಸಣ್ಣದನ್ನ ದೊಡ್ಡದರಿಂದ ಭಾಗಿಸಾಕ ಬರಂಗಿಲ್ರೀ ಸರ್” ಎಂದಳು. ನನಗೆ ಸಮಯದ ಚಿಂತೆ, ಹಿಂದೆ ಮಾರ್ಗದರ್ಶಕ ಶಿಕ್ಷಕಿ ಅವಲೋಕನ ಪುಸ್ತಕ ಹಿಡಿದು ಕುಳಿತಿದ್ದರು. “ಇದು ಆರನೇ ಕ್ಲಾಸಿನ ಲೆಕ್ಕ, ಇಷ್ಟೂ ಬರಂಗಿಲ್ಲೇನು?” ಎಂದುಬಿಟ್ಟೆ. ಅವಳು ಕುಳಿತಳು. ಆ ಅವಧಿ ಮುಗಿಯುವವರೆಗೆ ತಲೆ ಎತ್ತಲಿಲ್ಲ. ಉತ್ತರವನ್ನು ನಾನೇ ಕರಿಹಲಗೆಯ ಮೇಲೆ ಬರೆದು ಪಾಠ ಮುಗಿಸಿದೆ. ಮೇಡಂ ಬರೆದದ್ದು ಒಂದೇ ಸಾಲು: ‘ಪೂರ್ವಜ್ಞಾನವನ್ನು ಬರೆದಿದ್ದೀರಿ, ಪರೀಕ್ಷಿಸಿಲ್ಲ.’ ನನಗೆ ಬೇಸರವಾಯಿತು. ತಪ್ಪು ಹಿಂದಿನ ತರಗತಿಗಳದ್ದು, ನನ್ನದಲ್ಲ ಎಂದುಕೊಂಡೇ ಕೋಣೆಗೆ ಬಂದೆ.

ಮರುದಿನ ಭಾನುವಾರ. ಮಕ್ಕಳ ಇಂಥ ತಪ್ಪುಗಳನ್ನು ಒಂದು ಕಡೆ ಬರೆದಿಡಬೇಕೆಂದು ಮೊದಲಿನಿಂದಲೂ ಆಸೆ ಇತ್ತು. ನಾನು ಪಾಠಯೋಜನೆಗಳನ್ನು ಈಮ್ಯಾಕ್ಸ್ ಎಂಬ ಪಠ್ಯ ಸಂಪಾದಕದಲ್ಲಿ ಬರೆಯುತ್ತೇನೆ. ಅದಕ್ಕೆ ಆರ್ಗ್-ರೋಮ್ ಎಂಬ ಟಿಪ್ಪಣಿಗಳ ಜೋಡಣೆ ಇದೆ. ಒಂದು ಟಿಪ್ಪಣಿಯಿಂದ ಇನ್ನೊಂದಕ್ಕೆ ಕೊಂಡಿ ಹಾಕಬಹುದು. ಈ ಟಿಪ್ಪಣಿಗೆ ಬೇರೆ ಯಾವ ಯಾವ ಟಿಪ್ಪಣಿಗಳಿಂದ ಕೊಂಡಿ ಬಂದಿದೆ ಎಂಬುದನ್ನೂ ಅದು ತೋರಿಸುತ್ತದೆ. ಜರ್ಮನಿಯ ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲೂಮನ್ ಸುಮಾರು 90,000 ಚೀಟಿಗಳನ್ನು ಹೀಗೆ ಒಂದಕ್ಕೊಂದು ಜೋಡಿಸಿಟ್ಟಿದ್ದರು. ಈ ಜೋಡಣೆಯ ಹಿಂದಿರುವುದು ಅದೇ ವಿಚಾರ. ‘ಭಾಗಾಕಾರ’ ಎಂಬ ಟಿಪ್ಪಣಿ ತೆರೆದರೆ ಯಾವ ಯಾವ ವಿಜ್ಞಾನ ಪಾಠಗಳಲ್ಲಿ ಮಕ್ಕಳು ಅದರಿಂದ ಎಡವಿದರು ಎಂದು ಕಾಣಿಸಬೇಕು, ಇದು ನನ್ನ ಆಸೆ.

ಇನ್‌ಸ್ಟಾಲ್ ಮಾಡಿದೆ. ಸಿ ಕಂಪೈಲರ್ ಸಿಗಲಿಲ್ಲ ಎಂಬರ್ಥದ ಎಚ್ಚರಿಕೆ ಬಂದು ಎಲ್ಲವೂ ನಿಂತಿತು. ಸೂಚನೆಗಳನ್ನು ಮತ್ತೆ ಓದಿದೆ. ನಿಮ್ಮ ಗಣಕದಲ್ಲಿ ಸಿ ಕಂಪೈಲರ್ ಇರಬೇಕು ಎಂದು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದರು. ನನಗೆ ಸಿಟ್ಟು ಬಂತು. ಟಿಪ್ಪಣಿ ಬರೆಯಲು ಕಂಪೈಲರ್ ಯಾಕೆ? ಅದೇನು, ಎಲ್ಲಿಂದ ತರಬೇಕು ಎಂದು ಹೇಳಬೇಡವೇ?

ನಾಚಿಕೆಯ ಮಾತೆಂದರೆ ನಾನು ಬಿಎಸ್ಸಿಯಲ್ಲಿ ಕಂಪ್ಯೂಟರ್ ಸೈನ್ಸ್ ಓದಿದವನು. ಟರ್ಬೋ ಸಿಯ ನೀಲಿ ಪರದೆಯಲ್ಲಿ ಎಷ್ಟೋ ಪ್ರೋಗ್ರಾಂ ಬರೆದಿದ್ದೇನೆ. ‘ಕಂಪೈಲರ್ ಎಂದರೇನು?’ ಎಂಬ ಎರಡು ಅಂಕದ ಪ್ರಶ್ನೆಗೆ ಉತ್ತರ ಬಾಯಿಪಾಠ ಇತ್ತು: ಮನುಷ್ಯರು ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ಬದಲಾಯಿಸುವ ತಂತ್ರಾಂಶ. ಆದರೆ ಲ್ಯಾಬಿನಲ್ಲಿ ಯಾರೋ ಅದನ್ನು ಹಾಕಿಟ್ಟಿರುತ್ತಿದ್ದರು, ನಾನು ಕಂಟ್ರೋಲ್ ಮತ್ತು ಎಫ್9 ಒತ್ತುತ್ತಿದ್ದೆ, ಅಷ್ಟೆ. ಅದು ಗಣಕದಲ್ಲಿ ಇಲ್ಲದಿರಲೂಬಹುದು ಎಂದು ಯೋಚಿಸಿಯೇ ಇರಲಿಲ್ಲ.

ನಿಧಾನವಾಗಿ ಓದಿದ ಮೇಲೆ ಕಾರಣ ತಿಳಿಯಿತು. ಕೊಂಡಿಗಳನ್ನು ಬೇಗ ಹುಡುಕಲು ಆರ್ಗ್-ರೋಮ್ ಅವುಗಳ ಲೆಕ್ಕವನ್ನು ಎಸ್‌ಕ್ಯೂಲೈಟ್ ಎಂಬ ದತ್ತಸಂಚಯದಲ್ಲಿ ಇಡುತ್ತದೆ. ಆಗ ನನ್ನಲ್ಲಿದ್ದ ಈಮ್ಯಾಕ್ಸ್‌ನ 28ನೇ ಆವೃತ್ತಿಗೆ ಎಸ್‌ಕ್ಯೂಲೈಟ್ ಜೊತೆ ಮಾತಾಡಲು ಬರುತ್ತಿರಲಿಲ್ಲ, ನಡುವೆ ಒಂದು ಸಣ್ಣ ಪ್ರೋಗ್ರಾಂ ಬೇಕಿತ್ತು. ಆ ಪ್ರೋಗ್ರಾಂ ಸಿ ಭಾಷೆಯ ಮೂಲರೂಪದಲ್ಲೇ ಬರುತ್ತಿತ್ತು. ಅದನ್ನು ನನ್ನ ಗಣಕದಲ್ಲೇ ಕಂಪೈಲ್ ಮಾಡಿಕೊಳ್ಳಬೇಕು. ವಿಂಡೋಸ್ ಜೊತೆಗೆ ಸಿ ಕಂಪೈಲರ್ ಬರುವುದಿಲ್ಲ. ಹಾಗಾಗಿ ಎಂಸಿಸ್2 ಎಂಬುದನ್ನು ಇಳಿಸಿಕೊಂಡು, ಅದರ ಪ್ಯಾಕ್‌ಮನ್ ಆದೇಶದಿಂದ ಜಿಸಿಸಿ ಕಂಪೈಲರ್ ಹಾಕಬೇಕು. ಮೊಬೈಲಿನ ಹಾಟ್‌ಸ್ಪಾಟ್‌ನಲ್ಲಿ ಇಳಿಸಿದೆ. ಆ ದಿನದ ಡೇಟಾ ಮುಗಿದು ಪಕ್ಕದ ಕೋಣೆಯ ಗೆಳೆಯನ ಮೊಬೈಲ್ ಕೇಳಬೇಕಾಯಿತು.

ಕಂಪೈಲರ್ ಬಂತು. ಎಂಸಿಸ್2ರ ಕಿಟಕಿಯಲ್ಲಿ ಜಿಸಿಸಿ ಎಂದು ಕೇಳಿದರೆ ತನ್ನ ಆವೃತ್ತಿ ಸಂಖ್ಯೆ ಹೇಳುತ್ತಿತ್ತು. ಈಮ್ಯಾಕ್ಸ್ ಮಾತ್ರ ಮತ್ತೆ ಅದೇ ಮಾತು: ಕಂಪೈಲರ್ ಇಲ್ಲ. ಇನ್ನೊಂದು ಗಂಟೆ ಹೋಯಿತು. ಕೊನೆಗೆ ಗೊತ್ತಾದದ್ದು ಇಷ್ಟು. ಯಾವ ಯಾವ ಫೋಲ್ಡರ್‌ಗಳಲ್ಲಿ ಪ್ರೋಗ್ರಾಂ ಹುಡುಕಬೇಕು ಎಂಬುದಕ್ಕೆ ವಿಂಡೋಸ್‌ನಲ್ಲಿ ‘ಪಾತ್’ ಎಂಬ ಪಟ್ಟಿ ಇದೆ. ಕಂಪೈಲರ್ ಇದ್ದ ಫೋಲ್ಡರ್ ಆ ಪಟ್ಟಿಯಲ್ಲಿ ಇರಲಿಲ್ಲ. ವಸ್ತು ಮನೆಯಲ್ಲೇ ಇದೆ, ಹುಡುಕುವವನಿಗೆ ದಾರಿ ಗೊತ್ತಿಲ್ಲ. ಪಟ್ಟಿಗೆ ಆ ಫೋಲ್ಡರ್ ಸೇರಿಸಿ, ಈಮ್ಯಾಕ್ಸ್ ಮುಚ್ಚಿ ಮತ್ತೆ ತೆರೆದೆ. ಸ್ವಲ್ಪ ಹೊತ್ತು ಕಂಪೈಲ್ ಆಯಿತು, ದತ್ತಸಂಚಯ ಸಿದ್ಧವಾಯಿತು.

ರಾತ್ರಿ ಹನ್ನೊಂದು ದಾಟಿತ್ತು. ಮೊದಲ ಟಿಪ್ಪಣಿಗೆ ‘45 ÷ 60’ ಎಂದು ಹೆಸರಿಟ್ಟು ಬರೆಯಲು ಕುಳಿತೆ. ಬರೆಯುತ್ತಾ ಬರೆಯುತ್ತಾ ಕೈ ನಿಂತಿತು. ಇಡೀ ದಿನ ನಾನು ಬೈದದ್ದು ‘ಕಂಪೈಲರ್ ಇರಬೇಕು’ ಎಂದು ಒಂದೇ ಸಾಲು ಬರೆದವರನ್ನು. ನನ್ನ ಪಾಠಯೋಜನೆಯಲ್ಲಿ ‘ಭಾಗಾಕಾರ ತಿಳಿದಿದ್ದಾರೆ’ ಎಂದು ಬರೆದವನು ನಾನೇ. ಅವರಾದರೂ ಇಲ್ಲದಿದ್ದರೆ ಇಲ್ಲ ಎಂದು ನೇರವಾಗಿ ತಿಳಿಸುವ ವ್ಯವಸ್ಥೆ ಮಾಡಿದ್ದರು. ಇಷ್ಟೂ ಬರುವುದಿಲ್ಲವೇ ಎಂದು ಕೇಳಲಿಲ್ಲ.

ಇನ್ನೊಂದು ಪ್ರಶ್ನೆಯೂ ಹುಟ್ಟಿತು. ಆ ಹುಡುಗಿಗೆ ನಿಜವಾಗಿ ಗೊತ್ತಿಲ್ಲವೋ, ಅಥವಾ ಗೊತ್ತಿದ್ದದ್ದು ವಿಜ್ಞಾನದ ಅವಧಿಯಲ್ಲಿ ಕೈಗೆ ಸಿಗುತ್ತಿಲ್ಲವೋ? ಎರಡೂ ಒಂದೇ ಅಲ್ಲ. ಮೊದಲನೆಯದಕ್ಕೆ ಕಲಿಸಬೇಕು, ಎರಡನೆಯದಕ್ಕೆ ದಾರಿ ತೋರಿಸಬೇಕು.

ಸೋಮವಾರ ಹೊಸ ಪಾಠ ತೆಗೆಯಲಿಲ್ಲ. “ಮೂರು ರೊಟ್ಟಿ ನಾಲ್ಕು ಮಂದಿ ಹಂಚಿಕೊಂಡ್ರ ಒಬ್ಬೊಬ್ಬರಿಗೆ ಎಷ್ಟು?” ಎಂದು ಕೇಳಿದೆ. ಬಹಳಷ್ಟು ಬಾಯಿಗಳು ಒಟ್ಟಿಗೆ “ಮುಕ್ಕಾಲು” ಎಂದವು. ಹಾಗಿದ್ದರೆ 45 ರೊಟ್ಟಿ 60 ಮಂದಿಗೆ? ಸ್ವಲ್ಪ ಮೌನ. ಎರಡನೇ ಬೆಂಚಿನಿಂದ ಮೆಲ್ಲಗೆ ಬಂತು: “ಅದೂ ಮುಕ್ಕಾಲ ರೀ ಸರ್.” ಸಣ್ಣದನ್ನು ದೊಡ್ಡದರಿಂದ ಭಾಗಿಸಿದ್ದು ಅವಳೇ. ಕರಿಹಲಗೆಯ ಮೇಲೆ ಮುಕ್ಕಾಲು, 3/4, 0.75 ಎಂದು ಒಂದರ ಕೆಳಗೊಂದು ಬರೆದೆ. “ಅದಕ್ಕ ತೇಲತೈತಿ” ಎಂದು ಹಿಂದಿನ ಬೆಂಚಿನ ಹುಡುಗನೊಬ್ಬ ಹೇಳಿದ. ಶನಿವಾರ ನಾನು ಆಡಿದ ಮಾತು ತಪ್ಪು ಎಂದು ತರಗತಿಯ ಮುಂದೆಯೇ ಅವಳಿಗೆ ಹೇಳಿದೆ. ಅವಳು ನಾಚಿ ತಲೆ ತಗ್ಗಿಸಿದಳು, ಆದರೆ ಮುಂದಿನ ಲೆಕ್ಕಕ್ಕೆ ಕೈ ಎತ್ತಿದಳು.

ಎಲ್ಲರದ್ದೂ ಸರಿಹೋಯಿತು ಎಂದು ಹೇಳಲಾರೆ. ಐದಾರು ಮಕ್ಕಳಿಗೆ ಭಾಗಾಕಾರವೇ ಬರುತ್ತಿರಲಿಲ್ಲ. ಅವರಿಗೆ ದಾರಿ ತೋರಿಸಿದರೆ ಸಾಲದು, ಮೊದಲಿನಿಂದ ಕಲಿಸಬೇಕು. ಎರಡು ವಾರ ಊಟದ ವಿರಾಮದಲ್ಲಿ ಕಲಿಸಿದೆ. ಕೆಲವರು ಮುಂದೆ ಬಂದರು, ಇಬ್ಬರು ಬರಲಿಲ್ಲ. ಅಷ್ಟರಲ್ಲಿ ನನ್ನ ಇಂಟರ್ನ್‌ಶಿಪ್ ಮುಗಿಯಿತು.

ಅದೇ ವರ್ಷದ ಜುಲೈನಲ್ಲಿ ಬಂದ ಈಮ್ಯಾಕ್ಸ್ 29ರಲ್ಲಿ ಎಸ್‌ಕ್ಯೂಲೈಟ್ ಬೆಂಬಲ ಒಳಗೇ ಸೇರಿದೆ. ಅದನ್ನು ಹಾಕಿಕೊಂಡವರಿಗೆ ಈ ಕೆಲಸಕ್ಕೆ ಬೇರೆ ಕಂಪೈಲರ್ ತರುವ ಕಷ್ಟ ಉಳಿದಿಲ್ಲ. ಕಲಿಯುವವರ ಮೇಲಿದ್ದ ಹೊರೆಯನ್ನು ಕಟ್ಟುವವರು ಹೊತ್ತುಕೊಂಡರು. ಅದರಿಂದಲೂ ಒಂದು ಪಾಠ ಕಲಿತೆ. ಸಾಂದ್ರತೆಯ ಮೊದಲ ಲೆಕ್ಕಕ್ಕೆ 45 ಮತ್ತು 60 ಬೇಕಿರಲಿಲ್ಲ. 30 ಗ್ರಾಂ, 60 ಘನ ಸೆಂಟಿಮೀಟರ್ ಎಂದು ಕೊಟ್ಟಿದ್ದರೆ ‘ಅರ್ಧ’ ಎಂದು ಅವರೇ ಹೇಳುತ್ತಿದ್ದರು, ಅವಧಿಯೆಲ್ಲ ಸಾಂದ್ರತೆಗೇ ಸಿಗುತ್ತಿತ್ತು.

ಈಗ ನನ್ನ ಪೂರ್ವಜ್ಞಾನದ ಕಾಲಂನಲ್ಲಿ ‘ತಿಳಿದಿದ್ದಾರೆ’ ಎಂಬ ಪದ ಇಲ್ಲ. ಅಲ್ಲಿ ಎರಡು ಪ್ರಶ್ನೆಗಳಿರುತ್ತವೆ. ಪಾಠದ ಮೊದಲ ಐದು ನಿಮಿಷದಲ್ಲಿ ಅವುಗಳನ್ನು ಕೇಳುತ್ತೇನೆ. ಉತ್ತರ ಬಾರದಿದ್ದರೆ ಏನು ಮಾಡುತ್ತೇನೆ ಎಂಬುದನ್ನೂ ಪಕ್ಕದಲ್ಲಿ ಬರೆದಿರುತ್ತೇನೆ. ಕಾಲಂ ತುಂಬಲು ಈಗ ಅರ್ಧ ಗಂಟೆ ಬೇಕಾಗುತ್ತದೆ.